ಹಸಿ ಹುಲ್ಲಿನ ಅತ್ತರು: ಬಡಕಲು ತಟ್ಟೆಯ ಸಾಕ್ಷಿ

"ಲೋ ಚೆನ್ನ, ಪೊಲೀಸ್ ಗತ್ತೆಲ್ಲ ನಿನ್ನ ಠಾಣೇಲಿ ಇಟ್ಕೊ. ಇದು ಹುಳದ ಮನೆ. ಕೈಕಾಲು ತೊಳ್ಕೊಂಡ್ರೆ ಒಳಕ್ಕೆ, ಇಲ್ದಿದ್ರೆ ಹಂಗೇ ಆಚೆ!"

ನನ್ನ ಸೋದರತ್ತೆ ಗಂಗುಲಮ್ಮ ಬಾಗಿಲಿಗೆ ಅಡ್ಡವಾಗಿ ಪೊರಕೆ ಹಿಡಿದು ನಿಂತಿದ್ದಳು. ಇಡೀ ತಾಲ್ಲೂಕು ನನ್ನನ್ನು ಸಬ್ ಇನ್ಸ್‌ಪೆಕ್ಟರ್ ಚೆನ್ನರಾಯಪ್ಪನವರು ಅನ್ನುತ್ತದೆ. ದಿಬ್ಬೂರಹಳ್ಳಿಯ ಈ ಮುದುಕಿಗೆ ಮಾತ್ರ ನಾನು ಇವತ್ತಿಗೂ ಚೆನ್ನ. ಮರು ಮಾತಾಡದೆ ಬೂಟು ಬಿಚ್ಚಿ, ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದೆ.

ಅವಳು ಹತ್ತಿರ ಬಂದು ನನ್ನನ್ನು ಮೂಸಿದಳು. ಬೀಡಿ, ನಶ್ಯ, ಸೆಂಟು, ಊದುಬತ್ತಿ, ಯಾವುದರ ವಾಸನೆ ಇದ್ದರೂ ರೇಷ್ಮೆ ಹುಳದ ಹತ್ತಿರ ಸೇರಿಸುವುದಿಲ್ಲ. ಹುಳ ಮೇವು ಬಿಟ್ಟರೆ ತಿಂಗಳ ದುಡಿಮೆ ಮಣ್ಣುಪಾಲು.

"ಸೊಪ್ಪಿನ ವಾಸನೆ ಹೊಡೀತಾ ಇದ್ದೀಯ. ತೋಟದೊಳಗೇ ನುಗ್ಗಿ ಬಂದ್ಯಾ? ಹೋಗ್ಲಿ ಬಿಡು, ಅದಕ್ಕೇನೂ ತೊಂದ್ರೆ ಇಲ್ಲ."

ಹಿಪ್ಪುನೇರಳೆ ತೋಟದ ಬದುವಿನ ಮೇಲೇ ನಡೆದು ಬಂದಿದ್ದೆ. ಇರಬಹುದು ಅಂದುಕೊಂಡು ಸುಮ್ಮನಾದೆ.

"ಇವನ್ಯಾರು?" ಅತ್ತೆ ನನ್ನ ಹಿಂದೆ ನೋಡಿದಳು.

ಹಿಂದೆ ಲಾಲ್ ಬಾಷಾ ನಿಂತಿದ್ದ. ನಲವತ್ತರ ಪ್ರಾಯ, ಕಣ್ಣಿಗೆ ಸುರ್ಮಾ, ಕಂಕುಳಲ್ಲಿ ಅತ್ತರಿನ ಪೆಟ್ಟಿಗೆ. ಚಿಂತಾಮಣಿಯಲ್ಲಿ ಅಂಗಡಿ. ಹುಣ್ಣಿಮೆಗೆ ಕೈವಾರಕ್ಕೆ ಹೋಗಿ ಭಕ್ತರಿಗೆ ಗುಲಾಬಿ ಅತ್ತರು ಮಾರುತ್ತಿದ್ದ. ಅಂಗಡಿಯಿಂದಲೇ ಎತ್ತಿ ಜೀಪಿಗೆ ಹಾಕಿಕೊಂಡು ಬಂದಿದ್ದೆ.

"ಅಯ್ಯೋ ದೇವುಡಾ! ಇವನನ್ನ ಒಳಕ್ಕೆ ಬಿಟ್ರೆ ನನ್ನ ಹುಳ ಇವತ್ತೇ ಸಾಯ್ತವೆ!" ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಬಾವಿಗೆ ಹೋಗು. ಸೀಗೆಕಾಯಿ ಹಾಕ್ಕೊಂಡು ತಲೆಯಿಂದ ಸ್ನಾನ ಮಾಡು. ಬಟ್ಟೆ ಅಲ್ಲೇ ಬಿಡು, ನಮ್ಮ ಯಜಮಾನ್ರ ಪಂಚೆ ಕೊಡ್ತೀನಿ."

"ಸಾಬ್, ಇದೇನು ನ್ಯಾಯ?" ಲಾಲ್ ಬಾಷಾ ನನ್ನ ಮುಖ ನೋಡಿದ.

"ಹೋಗಯ್ಯಾ. ಲಾಕಪ್ಪಿಗಿಂತ ಬಾವಿ ವಾಸಿ," ಅಂದೆ.

ನನಗೆ ತಾಳ್ಮೆ ಉಳಿದಿರಲಿಲ್ಲ. ನಾಲ್ಕು ದಿನದ ಹಿಂದೆ, ಬೆಳಗಿನ ಆರು ಗಂಟೆ ಹೊತ್ತಿಗೆ, ಶಿಡ್ಲಘಟ್ಟದ ಕೆರೆ ಹಿಂದಿನ ಬಟ್ಟಿಮನೆಯಲ್ಲಿ ಅತ್ತರು ಕಾಯಿಸುವ ಅಮಾನುಲ್ಲಾ ಸಾಹೇಬರ ತಲೆಗೆ ಯಾರೋ ಒನಕೆಯಿಂದ ಹೊಡೆದು, ಅವರು ಆರು ವರ್ಷ ಒದ್ದಾಡಿ ಮಾಡಿದ ಹಸಿ ಹುಲ್ಲಿನ ಅತ್ತರಿನ ಒಂದೇ ಒಂದು ಕುಪ್ಪಿಯನ್ನು ಎತ್ತಿಕೊಂಡು ಹೋಗಿದ್ದರು.

ಸಾಹೇಬರು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಹೊಡೆದವನ ಮುಖ ನೋಡಿದ್ದವರು ಪ್ರಪಂಚದಲ್ಲಿ ಅವರೊಬ್ಬರೇ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಅವರ ಮಗಳು ರಹಮತುನ್ನೀಸಾ ಠಾಣೆಗೆ ಫೋನು ಮಾಡಿದ್ದಳು. "ಸಾರ್, ಅಬ್ಬಾ ಕಣ್ಣು ಬಿಟ್ರು! ಮಾತು ಬಂದಿಲ್ಲ, ಆದ್ರೆ ನನ್ನ ಕೈ ಒತ್ತಿದ್ರು!"

ನನಗೆ ಖುಷಿಗೆ ಮೈಯೆಲ್ಲ ಬೆವತುಹೋಯಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಸಾಹೇಬರು ಬದುಕಿದರೆ ಹೆಸರು ಹೇಳುತ್ತಾರೆ. ಅದು ಹೊಡೆದವನಿಗೂ ಗೊತ್ತು.

"ನಲ್ಲಪ್ಪ!" ಎಂದು ಕೂಗಿದೆ.

ನಲ್ಲಪ್ಪ ನನ್ನ ಕಾನ್‌ಸ್ಟೇಬಲ್. ಏಳು ವರ್ಷದಿಂದ ಜೊತೆಗಿದ್ದಾನೆ. ನಾನು ಬೆವರು ಒರೆಸಿಕೊಳ್ಳಲು ಜೇಬು ತಡಕಾಡುತ್ತಿದ್ದರೆ ಅವನೇ ಎಂದಿನಂತೆ ತನ್ನ ಡ್ರಾಯರಿನಿಂದ ಮಡಿಸಿದ ಕರ್ಚೀಫು ತೆಗೆದು ಕೊಟ್ಟ. "ಒಗೆದದ್ದೇ ಸಾರ್, ತಗೊಳಿ." ನನ್ನ ಹೆಂಡತಿಗಿಂತ ಚೆನ್ನಾಗಿ ನನ್ನ ಮರೆವು ಅವನಿಗೆ ಗೊತ್ತು.

"ಹತ್ತೂವರೆ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೋಗು. ಸಾಹೇಬರನ್ನ ಬೇರೆ ರೂಮಿಗೆ ಹಾಕ್ಸು. ಒಳಗಿಂದ ಚಿಲಕ ಇರೋ ರೂಮು. ಅವರ ಮಗಳು, ಡಾಕ್ಟರು, ನರ್ಸು, ಇನ್ಯಾರೂ ಒಳಗೆ ಹೋಗಕೂಡ್ದು. ನಾನು ಬರೋವರೆಗೆ ಮಂಚ ಬಿಟ್ಟು ಕದಲಬೇಡ."

"ನೀವು ನಿಶ್ಚಿಂತೆಯಾಗಿರಿ ಸಾರ್," ಎಂದು ಅವನು ಓಡಿಹೋಗಿದ್ದ.

ಇಷ್ಟಾದ ಮೇಲೆ ನಾನು ಹುಳದ ಮನೆಗೆ ಯಾಕೆ ಬಂದೆ ಅಂದರೆ, ಫೋನು ಇಡುವ ಮುಂಚೆ ರಹಮತುನ್ನೀಸಾ ಇನ್ನೊಂದು ಮಾತು ಹೇಳಿದ್ದಳು. "ಸಾರ್, ನೀವು ಹಿಡಿದಿರೋ ಮುನಿವೆಂಕಟಪ್ಪ ತಪ್ಪು ಮಾಡಿಲ್ಲ. ಹದಿನೆಂಟು ವರ್ಷದಿಂದ ಅಬ್ಬಾಗೆ ಹುಲ್ಲು ಕೊಯ್ದು ಕೊಟ್ಟೋನು. ಅವನ ಟವಲಲ್ಲಿ ಅತ್ತರಿನ ವಾಸನೆ ಇದೆ ಅಂದ್ರಲ್ಲ, ಬೇಕಾದ್ರೆ ಹುಳದ ಮುಂದೆ ಹಿಡಿದು ನೋಡಿ. ಅಬ್ಬಾ ಹಾಗೇ ಪರೀಕ್ಷೆ ಮಾಡ್ತಿದ್ದದ್ದು. ದಿಬ್ಬೂರಹಳ್ಳಿ ಗಂಗುಲಮ್ಮನೋರನ್ನ ಕೇಳಿ."

ನನ್ನ ಸ್ವಂತ ಅತ್ತೆಯ ಮನೆಯಲ್ಲಿ ಅತ್ತರಿನ ಪರೀಕ್ಷೆ ನಡೆಯುತ್ತಿತ್ತಂತೆ, ನನಗೆ ಗೊತ್ತಿಲ್ಲ. ಪತ್ತೇದಾರ ಅಂದರೆ ನಾನೇ!

ಈಗ ಒಂದು ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. ನನ್ನ ಮೂಗಿಗೆ ವಾಸನೆ ಹತ್ತುವುದಿಲ್ಲ. ನಾಲ್ಕು ವರ್ಷದ ಕೆಳಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು, ಜೊತೆಗೆ ಮೂಗನ್ನೂ ತೆಗೆದುಕೊಂಡು ಹೋಯಿತು. ಮಲ್ಲಿಗೆಯೂ ಒಂದೇ, ಚರಂಡಿಯೂ ಒಂದೇ. ಇಲಾಖೆಗೆ ತಿಳಿದರೆ ಮೂಲೆಗೆ ಕೂರಿಸುತ್ತಾರೆಂದು ಮುಚ್ಚಿಟ್ಟಿದ್ದೆ. ಮನೆಯಲ್ಲೂ ಹೇಳಿರಲಿಲ್ಲ.

ಗೊತ್ತಿದ್ದದ್ದು ನಲ್ಲಪ್ಪನಿಗೆ ಮಾತ್ರ. ಎಲ್ಲಿಗೆ ಹೋದರೂ ಅವನೇ ನನ್ನ ಮೂಗು. ಮುನಿವೆಂಕಟಪ್ಪನ ಟವಲನ್ನು ಮೂಸಿ, "ಇದೇ ಸಾರ್, ಅತ್ತರು ಇದರಲ್ಲೇ ಸುತ್ತಿದ್ದಾನೆ," ಎಂದವನೂ ಅವನೇ.

ಸುತ್ತಿದ್ದಂತೂ ನಿಜ. ಬಟ್ಟಿಮನೆಯ ನೆಲದ ಮೇಲೆ ಮೂರು ತೊಟ್ಟು ಎಣ್ಣೆ ಬಿದ್ದಿತ್ತು. ಬಾಗಿಲಿನವರೆಗೆ ಇನ್ನೊಂದು ತೊಟ್ಟೂ ಇರಲಿಲ್ಲ. ಕುಪ್ಪಿ ಸೋರುತ್ತಿದ್ದುದನ್ನು ಕಂಡು ಕಳ್ಳ ಅಲ್ಲೇ ಯಾವುದೋ ಬಟ್ಟೆಯಲ್ಲಿ ಸುತ್ತಿಕೊಂಡಿದ್ದ.

ಲಾಲ್ ಬಾಷಾ ನೆಂದ ತಲೆ, ಮೊಣಕಾಲುದ್ದದ ಪಂಚೆಯಲ್ಲಿ ಒಳಗೆ ಬಂದ. ಸುರ್ಮಾ ಕೆನ್ನೆಗೆ ಇಳಿದಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಹುಳದ ಮನೆಯೊಳಗೆ ಅರೆಗತ್ತಲು. ಗೋಡೆಯುದ್ದಕ್ಕೂ ಬಿದಿರು ತಟ್ಟೆಗಳು ಒಂದರ ಮೇಲೊಂದು. ನೆಲದಲ್ಲಿ ಒದ್ದೆ ಗೋಣಿ ಹೊದಿಸಿದ ಸೊಪ್ಪಿನ ರಾಶಿ.

"ನಾಲ್ಕನೇ ಜ್ವರ ಎದ್ದು ಕೂತವೆ," ಅಂದಳು ಅತ್ತೆ. ಹುಳ ಮೇವು ಬಿಟ್ಟು, ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. "ಇನ್ನೂ ಸೊಪ್ಪು ಹಾಕಿಲ್ಲ. ಭಾರಿ ಹಸಿವಲ್ಲಿರ್ತವೆ. ಆದ್ರೆ ಈ ತಟ್ಟೆ ಒಂದೇ ಮುಟ್ಟಬೇಕು ನೀನು. ಬಡಕಲು ಹುಳದ ತಟ್ಟೆ, ಹೆಂಗೂ ಬಿಸಾಕಬೇಕಿತ್ತು."

"ಅಮಾನುಲ್ಲಾ ಸಾಹೇಬರು ಇಲ್ಲಿಗೆ ಬರ್ತಿದ್ರಾ ಅತ್ತೆ?"

"ಆರು ವರ್ಷ ಬಂದವ್ರೆ ಕಣೋ. ಕಿವೀಲಿ ಒಂದು ಹತ್ತಿ ಉಂಡೆ. ಬಡಕಲು ತಟ್ಟೆ ಕೊಡಮ್ಮಾ ಅನ್ನೋರು, ಮೇಲೆ ಹತ್ತಿ ಹಿಡಿಯೋರು. ಹುಳ ಮೋಸ ಹೋದ್ರೆ ನನ್ನ ಹಸಿರು ಸರಿಯಾಯ್ತು ಅಂತ ಲೆಕ್ಕ ಅನ್ನೋರು. ಒಂದ್ಸಲಾನಾದ್ರೂ ತಲೆ ಎತ್ಬೇಕಲ್ಲ! ಹೋದ ಯುಗಾದಿ ಆದ್ಮೇಲೆ ಎತ್ತಿದವು ನೋಡು. ಸಾಬ್ರು ಇಲ್ಲೇ, ಈ ಕಂಬ ಹಿಡ್ಕೊಂಡು ಗಳಗಳ ಅತ್ತುಬಿಟ್ರು."

ಆ ಹತ್ತಿಯ ಒಂದು ಉಂಡೆ ನನ್ನ ಬಳಿ ಇತ್ತು. ಹೊಡೆತ ಬಿದ್ದ ದಿನ ಸಾಹೇಬರ ಕಿವಿಯಲ್ಲಿದ್ದದ್ದು. ಮಗಳು ಅದನ್ನು ತಗಡಿನ ಡಬ್ಬಿಯಲ್ಲಿ ಭದ್ರ ಮಾಡಿ ನಮಗೆ ಒಪ್ಪಿಸಿದ್ದಳು. ಜೀಪಿನ ಖಾನೆಯಲ್ಲಿಟ್ಟು ತಂದಿದ್ದೆ. ಅತ್ತೆಯೇ ಇಕ್ಕಳದಲ್ಲಿ ಹತ್ತಿ ಎತ್ತಿ, ತಟ್ಟೆಯಿಂದ ನಾಲ್ಕು ಬೆರಳು ಮೇಲೆ ಹಿಡಿದಳು.

ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಹುಳುಗಳು ಮುಂದಿನ ಅರ್ಧ ಮೈಯನ್ನು ಎತ್ತಿ ಹತ್ತಿಯ ಕಡೆ ತಲೆ ಆಡಿಸತೊಡಗಿದವು. ಹತ್ತಿ ಎಡಕ್ಕೆ ಹೋದರೆ ತಲೆಗಳೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ.

"ನೋಡಿದ್ಯಾ? ಸೊಪ್ಪು ಬಂತು ಅನ್ಕೊಂಡವೆ ಪಾಪ," ಅಂದಳು ಅತ್ತೆ.

ಕಡೆಗೂ ನನಗೊಂದು ಮೂಗು ಸಿಕ್ಕಿತ್ತು. ಒಂದಲ್ಲ, ನಾನೂರು.

ಅತ್ತೆ ಹತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಡಬ್ಬಿಯನ್ನು ಆಚೆ ಇಟ್ಟು ಬಂದಳು. ಮುಂದಿನ ಸರದಿ ಮುನಿವೆಂಕಟಪ್ಪನ ಟವಲು. ಠಾಣೆಯ ಮೊಹರು ಒಡೆದು, ನಾಲ್ಕು ಮೂಲೆಯನ್ನೂ ಒಂದೊಂದಾಗಿ ಹಿಡಿದೆ. ಹುಳುಗಳು ಮಲಗಿದಂತೆಯೇ ಮಲಗಿದ್ದವು.

"ಇನ್ನೂ ಹತ್ತಿರ ಹಿಡಿ," ಅಂದಳು ಅತ್ತೆ.

ಹಿಡಿದೆ. ಒಂದೂ ಅಲ್ಲಾಡಲಿಲ್ಲ. ಅತ್ತೆ ಟವಲನ್ನು ಮೂಸಿ ಮುಖ ಕಿವುಚಿದಳು. "ಬರೀ ಬೆವರು, ಒಣಹುಲ್ಲು. ಇದರಲ್ಲಿ ಅತ್ತರೂ ಇಲ್ಲ ಸೆಂಟೂ ಇಲ್ಲ. ಯಾವನಯ್ಯ ಇದೆ ಅಂದೋನು?"

ಈ ಒಂದು ಟವಲಿನ ಮೇಲೆ ಒಬ್ಬ ಬಡವನನ್ನು ನಾಲ್ಕು ದಿನ ಕತ್ತಲಲ್ಲಿ ಕೂರಿಸಿದ್ದೆ. ಅವನು ಪ್ರತಿ ಸಲವೂ ಕೈ ಮುಗಿದು, "ಸಾಮಿ, ನಾನು ಸಾಬ್ರ ಅನ್ನ ತಿಂದೋನು," ಅಂದಾಗ ನಾನು ಗದರಿದ್ದೆ. ಥೂ, ನನ್ನ ಜನ್ಮಕ್ಕೆ! ನಲ್ಲಪ್ಪನ ಮೂಗು ತಪ್ಪಿದೆ, ಮನುಷ್ಯ ತಾನೇ ಅಂದುಕೊಂಡೆ. ಬೈಯಲೇಬೇಕು ಅಂತಲೂ ಅಂದುಕೊಂಡೆ.

ಸಿಟ್ಟೆಲ್ಲ ಲಾಲ್ ಬಾಷಾನ ಮೇಲೆ ತಿರುಗಿತು.

"ನೀನು ಸಾಹೇಬರ ಅಣ್ಣನ ಮಗ. ಅವತ್ತು ಚಿಂತಾಮಣೀಲೇ ಇದ್ದೆ ಅಂತ ಹೇಳಿಕೆ ಕೊಟ್ಟಿದ್ದೀಯ. ಬೆಳಗಿನ ಮೊದಲ ಬಸ್ಸಲ್ಲಿ ನೀನು ಶಿಡ್ಲಘಟ್ಟದಲ್ಲಿ ಇಳಿದದ್ದನ್ನ ಕಂಡಕ್ಟರ್ ನೋಡಿದ್ದಾನೆ. ಏನಂತೀಯ?"

ಅವನು ಪಂಚೆಯ ಅಂಚು ಹಿಂಡಿದ.

"ನಿನ್ನ ಪೆಟ್ಟಿಗೇಲಿ ಹಸಿರು ಕುಪ್ಪಿ ಒಂದಿದೆ. ಸಬ್ಜಾ, ಅಂದ್ರೆ ಹಸಿರು ಹುಲ್ಲು ಅಂತ ಚೀಟಿ ಅಂಟಿಸಿದ್ದೀಯ. ಅದು ಎಲ್ಲಿಂದ ಬಂತು?"

"ಅದು ನಂದು ಸಾಬ್."

"ನಿಂದೋ ನಿನ್ನ ಚಾಚಾಂದೋ ಈಗ ಗೊತ್ತಾಗುತ್ತೆ. ಅತ್ತೇ, ಒಂದು ತೊಟ್ಟು ಕಾಗದಕ್ಕೆ ಹಚ್ಚು."

"ಬೇಡಿ ಸಾಬ್," ಎಂದ ಲಾಲ್ ಬಾಷಾ. ಅವನ ದನಿ ಕುಗ್ಗಿತ್ತು. "ಹುಳದ ಮುಂದೆ ನನ್ನ ಮಾನ ತೆಗೀಬೇಡಿ."

ಅತ್ತೆ ಆಚೆ ಬಿಟ್ಟಿದ್ದ ಪೆಟ್ಟಿಗೆಯಿಂದ ಹಚ್ಚಿ ತಂದು ಹಿಡಿದೇಬಿಟ್ಟಳು. ಹುಳುಗಳು ತಲೆ ಎತ್ತುವುದಿರಲಿ, ಕಾಗದದ ಕೆಳಗಿದ್ದವು ಮೈ ಮುದುರಿ ಅತ್ತ ಸರಿದವು. ಅವಳು ತಕ್ಷಣ ಕಾಗದವನ್ನು ಆಚೆ ಬಿಸಾಡಿದಳು.

ಲಾಲ್ ಬಾಷಾ ಕಂಬಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ನಿಂಬೆಹುಲ್ಲಿನ ಎಣ್ಣೆ, ಪಚ್ಚೆತೆನೆ, ಸ್ವಲ್ಪ ದವನ. ಅಷ್ಟೇ ಸಾಬ್ ಅದು. ಏಳು ವರ್ಷದಿಂದ ನಾನೂ ಹಸಿರಿನ ಹಿಂದೆ ಬಿದ್ದಿದ್ದೀನಿ. ಗುಲಾಬಿ ಯಾರು ಬೇಕಾದ್ರೂ ಇಳಿಸ್ತಾರೆ. ಕೊಯ್ದ ಹುಲ್ಲಿನ ವಾಸನೆ ಇದೆಯಲ್ಲ, ಅದು ಕುಡುಗೋಲು ತಾಗಿದಾಗ ಹುಟ್ಟುತ್ತೆ, ಬೀಡಿ ಸೇದಿ ಮುಗಿಯೋ ಅಷ್ಟರಲ್ಲಿ ಹೊರಟುಹೋಗುತ್ತೆ. ಹಂಡೆಗೆ ಹಾಕಿ ಕಾಯಿಸಿದ್ರೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತೆ. ನನಗೆ ಯಾವಾಗಲೂ ಅದೇ ಬಂತು. ಸಾರಿನ ವಾಸನೆ ಸಾಬ್! ನನ್ನ ಹೆಂಡತಿ ನಗ್ತಾಳೆ."

"ಅದಕ್ಕೇ ಚಾಚಾನ ತಲೆ ಒಡೆದ್ಯಾ?"

"ಖುದಾ ಕಸಂ, ಇಲ್ಲ!" ಅವನು ತಟ್ಟನೆ ಎದ್ದು ನಿಂತ. "ಕದ್ದು ನೋಡೋಕೆ ಹೋಗಿದ್ದೆ, ಅದು ನಿಜ. ಬೇಲಿ ಸಂದೀಲಿ ನೋಡಿದೆ. ಚಾಚಾ ಇಬ್ಬನಿ ಇರೋವಾಗಲೇ ಗರಿಕೆ, ಎಳೇ ಸೊಪ್ಪು ಕೊಯ್ಸಿದ್ರು. ಹಂಡೇಲಿ ತುರುಕಲಿಲ್ಲ, ಜರಡಿ ಮೇಲೆ ತೆಳ್ಳಗೆ ಹರಡಿದ್ರು. ನೀರು ಕುದಿಯೋಕೆ ಬಿಡಲಿಲ್ಲ, ಬರೀ ಬಿಸಿ ಹಬೆ. ಕೆಳಗೆ ಗಂಧದೆಣ್ಣೆ, ಅದರೊಳಗೆ ಲಾವಂಚದ ಬೇರು. ಆ ಬೇರು ಹಸಿರನ್ನ ಹಿಡಿದು ಕೂರಿಸುತ್ತೆ ಸಾಬ್. ಅದನ್ನ ನೋಡಿ ನನಗೆ ಕಣ್ಣೀರು ಬಂತು. ಇಷ್ಟು ಸುಲಭದ್ದು ನನಗೆ ಹೊಳೀಲಿಲ್ವಲ್ಲ ಅಂತ. ಹಾಗೇ ವಾಪಸ್ ಬಂದುಬಿಟ್ಟೆ."

"ಇನ್ಯಾರನ್ನೂ ನೋಡ್ಲಿಲ್ವಾ?"

ಅವನು ಬಾಯಿ ತೆರೆದ. ನನ್ನ ಖಾಕಿ ಅಂಗಿಯನ್ನು ನೋಡಿದ. ಬಾಯಿ ಮುಚ್ಚಿದ.

"ಮಾತಾಡಯ್ಯಾ!"

"ಬೊಂಬಾಯಿ ಸೆಂಟು ಕಂಪನಿ ಏಜೆಂಟ್ ಒಬ್ಬ ಗೌರಿಬಿದನೂರು ಲಾಡ್ಜಲ್ಲಿ ಕೂತಿದ್ದಾನೆ ಸಾಬ್. ಹಸಿರು ಅತ್ತರು ಯಾರು ತಂದರೂ ತಗೊಳ್ತಾನಂತೆ, ಹೇಗೆ ತಂದ್ರಿ ಅಂತ ಕೇಳಲ್ವಂತೆ. ಅಷ್ಟೇ ನನಗೆ ಗೊತ್ತಿರೋದು."

ಅಷ್ಟೇ ಅಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಸಿಟ್ಟು ನೆತ್ತಿಗೇರಿತು. ತಟ್ಟೆಯ ಅಂಚಿಗೆ ಎರಡೂ ಕೈ ಊರಿ, ಅವನ ಮುಖಕ್ಕೆ ಮುಖ ಕೊಟ್ಟು ಬಗ್ಗಿದೆ. "ನೋಡು ಲಾಲ್ ಬಾಷಾ..."

"ಚೆನ್ನಾ," ಅಂದಳು ಅತ್ತೆ.

"ಸುಮ್ನಿರತ್ತೆ."

"ಲೋ ಚೆನ್ನಾ. ಕೆಳಗೆ ನೋಡೋ."

ನೋಡಿದೆ.

ತಟ್ಟೆಯ ಅಷ್ಟೂ ಹುಳುಗಳು ಅರ್ಧ ಮೈ ಎತ್ತಿ ನಿಂತಿದ್ದವು. ಎಲ್ಲದರ ತಲೆಯೂ ನನ್ನ ಕಡೆಗೆ.

ಬಲಕ್ಕೆ ಒಂದು ಹೆಜ್ಜೆ ಸರಿದೆ. ತಲೆಗಳು ಬಲಕ್ಕೆ ತಿರುಗಿದವು. ಎಡಕ್ಕೆ ಬಂದೆ, ಎಡಕ್ಕೆ ಬಂದವು. ಅಂಚಿನಲ್ಲಿದ್ದ ಒಂದು ಹುಳ ನನ್ನ ಎದೆಯ ಕಡೆ ಮೈ ಚಾಚಿ ಚಾಚಿ ತಟ್ಟೆಯಿಂದ ಕೆಳಗೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

ಲಾಲ್ ಬಾಷಾ ಗೋಡೆಗೆ ಅಂಟಿಕೊಂಡ. "ಯಾ ಅಲ್ಲಾ! ನೀವಾ ಸಾಬ್?"

"ಏಯ್, ಬಾಯಿ ಮುಚ್ಚು!" ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಹತ್ತಿಯನ್ನು ನಾನು ಮುಟ್ಟಿರಲೇ ಇಲ್ಲ. ಡಬ್ಬಿ ನನ್ನ ಜೇಬಿಗೆ ಬಂದಿರಲಿಲ್ಲ. ಕೈ ತೊಳೆದಿದ್ದೆ. ಹಾಗಾದರೆ ಏನಿದು? ಅಂಗಿ ಬಿಚ್ಚಿ ತಡಕಾಡಿದೆ. ಎಡಗಡೆ ಜೇಬಿನಲ್ಲಿ ಏನೋ ಮೆತ್ತಗೆ ಸಿಕ್ಕಿತು.

ಕರ್ಚೀಫು. ನೀಲಿ ಚೌಕಳಿಯದು. ಬೆಳಗಿನಿಂದ ಅದರಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದೆ.

ಅಂಗಿಯನ್ನು ತಟ್ಟೆಯ ಮೇಲೆ ಹಿಡಿದೆ. ಹುಳುಗಳು ತಡವರಿಸಿದವು. ಕರ್ಚೀಫು ಹಿಡಿದೆ. ಒಂದೂ ಬಿಡದಂತೆ ತಲೆ ಎತ್ತಿದವು.

ಅತ್ತೆ ಅದನ್ನು ಕಿತ್ತುಕೊಂಡು ಮೂಗಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ ನಿಧಾನವಾಗಿ ಮೂಸಿದಳು. "ಬಾಗಿಲಲ್ಲಿ ನಿನ್ನ ಮೂಸಿದಾಗ ತೋಟದ ವಾಸನೆ ಅನ್ಕೊಂಡೆ ಕಣೋ. ಇದು ನಮ್ಮ ಸೊಪ್ಪಲ್ಲ. ಸೊಪ್ಪಿನ ಹಿಂದೆ ಲಾವಂಚ ಐತೆ. ಸಾಬ್ರ ಹತ್ತೀಲಿ ಇದ್ದದ್ದು ಇದೇ. ಒಗೆದವ್ರೆ, ಒಗೆದ್ರೂ ಹೋಗಿಲ್ಲ."

"ಹೋಗಲ್ಲ ತಾಯಿ," ಎಂದ ಲಾಲ್ ಬಾಷಾ ಪಿಸುದನಿಯಲ್ಲಿ. "ಚಾಚಾ ಅದನ್ನೇ ಸಾಧಿಸಿದ್ದು. ನೀರಿಗೆ ಅಡಗುತ್ತೆ, ಬೆವರು ತಾಗಿದ್ರೆ ಮತ್ತೆ ಎದ್ದು ಬರುತ್ತೆ."

ಅತ್ತೆ ನನ್ನನ್ನೇ ದಿಟ್ಟಿಸಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು. "ಬೆಳಗಿಂದ ಎದೆ ಮೇಲೆ ಇಟ್ಕೊಂಡಿದ್ದೀಯ. ನಿನಗೆ ವಾಸನೆ ಬರ್ಲಿಲ್ವೇನೋ?"

ಸುಳ್ಳು ಹೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ. "ಬರಲ್ಲ ಅತ್ತೆ. ನಾಲ್ಕು ವರ್ಷ ಆಯ್ತು."

"ಅಯ್ಯೋ ನನ್ನಪ್ಪಾ," ಎಂದು ಅವಳು ನನ್ನ ಕೆನ್ನೆ ಮುಟ್ಟಿದಳು.

ನಾನು ಅತ್ತೆಯ ಕೈ ಸರಿಸಿದೆ. ತಲೆಯೊಳಗೆ ಒಂದೇ ಒಂದು ದನಿ ತಿರುಗುತ್ತಿತ್ತು. ಒಗೆದದ್ದೇ ಸಾರ್, ತಗೊಳಿ.

ಇಲ್ಲ, ಇರಲಾರದು. ಏಳು ವರ್ಷ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ನನಗೆ ಜ್ವರ ಬಂದಾಗ ಹನ್ನೊಂದು ದಿನ ಮನೆಗೆ ಹೋಗದೆ ಮಂಚದ ಪಕ್ಕ ಕೂತವನು. ಅವನಿಗೂ ವಾಸನೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗಿದ್ದರೆ ಈ ಕರ್ಚೀಫನ್ನು ನನಗೆ ಕೊಡುತ್ತಿದ್ದನೇ? ಈ ಮಾತನ್ನು ಬಾಯಿಬಿಟ್ಟೇ ಕೇಳಿದೆನೆಂದು ಕಾಣುತ್ತದೆ. ಲಾಲ್ ಬಾಷಾ ಉತ್ತರ ಕೊಟ್ಟ.

"ಜೊತೆಗೆ ಇಟ್ಕೊಂಡೋನ ಮೂಗಿಗೆ ಅದು ಸತ್ತುಹೋಗುತ್ತೆ ಸಾಬ್. ನನ್ನ ಅಂಗಡೀಲಿ ನನಗೆ ಯಾವ ವಾಸನೆಯೂ ಬರಲ್ಲ. ಒಗೆದು ಸೊಪ್ಪಿನ ಬೇಲಿ ಮೇಲೆ ಒಣಗಿ ಹಾಕಿದ್ರಂತೂ ಮುಗೀತು. ವಾಸನೆ ಬಂದ್ರೂ ಬೇಲೀದು ಅನ್ಕೊಳ್ತಾರೆ."

ನಲ್ಲಪ್ಪನ ಮನೆಯ ಸುತ್ತ ಹಿಪ್ಪುನೇರಳೆ ಬೇಲಿಯೇ ಇರುವುದು. ಹೋದ ವಾರ ಅರ್ಧ ದಿನ ರಜೆ ಕೇಳಿದ್ದ. ತಂಗಿಯ ಮಗುವಿನ ನಾಮಕರಣ ಅಂದಿದ್ದ. ಊರು, ಗೌರಿಬಿದನೂರು.

"ಲಾಲ್ ಬಾಷಾ," ಎಂದೆ. "ಆವಾಗ ಏನೋ ನುಂಗಿಕೊಂಡೆಯಲ್ಲ. ಬೇಲಿ ಸಂದೀಲಿ ಏನು ನೋಡಿದೆ?"

"ನಾನು ಹೊರಡೋವಾಗ ಬಟ್ಟಿಮನೆ ಗೋಡೆಗೆ ಒಂದು ಸೈಕಲ್ ಒರಗಿಸಿತ್ತು ಸಾಬ್. ಹ್ಯಾಂಡಲ್‌ಗೆ ಲಾಠಿ ಕಟ್ಟಿತ್ತು."

"ಇದನ್ನ ಹೇಳಿಕೇಲಿ ಯಾಕೆ ಹೇಳ್ಲಿಲ್ಲ ನೀನು? ಯಾಕೆ?"

"ಯಾರಿಗೆ ಹೇಳ್ಲಿ ಸಾಬ್?" ಅವನ ಕಣ್ಣು ತುಂಬಿತ್ತು. "ಆ ಸೈಕಲ್ ಮೇಲೇ ಬಂದು ನನ್ನ ಹೇಳಿಕೆ ಬರ್ಕೊಂಡು ಹೋದ್ರು."

ಒಳಗಿಂದ ಚಿಲಕ ಇರುವ ರೂಮು ಎಂದು ಹೇಳಿ ಕಳಿಸಿದವನು ನಾನೇ. ಮಂಚ ಬಿಟ್ಟು ಕದಲಬೇಡ ಎಂದವನೂ ನಾನೇ.

ಬನಿಯನ್ನಿನಲ್ಲೇ ಬರಿಗಾಲಲ್ಲಿ ಓಡಿದೆ. ಚಿಕ್ಕಬಳ್ಳಾಪುರಕ್ಕೆ ಜೀಪಿನಲ್ಲಿ ಒಂದು ಗಂಟೆ ಬೇಕು. ದಿಬ್ಬೂರಹಳ್ಳಿಯ ಪೋಸ್ಟ್ ಆಫೀಸಿನಲ್ಲಿ ಫೋನಿತ್ತು. ಬಾಗಿಲು ಹಾಕಲು ಹೊರಟಿದ್ದ ಪೋಸ್ಟ್ ಮಾಸ್ತರನ್ನು ತಳ್ಳಿಕೊಂಡು ಒಳಗೆ ನುಗ್ಗಿ, ತುರ್ತು ಟ್ರಂಕ್ ಕಾಲ್ ಬುಕ್ ಮಾಡಿಸಿದೆ. ಲೈನು ಸಿಗಲು ಹನ್ನೆರಡು ನಿಮಿಷ ಹಿಡಿಯಿತು. ಗೋಡೆಯ ಗಡಿಯಾರದ ಒಂದೊಂದು ನಿಮಿಷವನ್ನೂ ನೋಡಿದೆ. ಕೈಯಲ್ಲಿದ್ದ ಕರ್ಚೀಫು ಮತ್ತೆ ಬೆವರಿಗೆ ಒದ್ದೆಯಾಗಿತ್ತು.

ಆಸ್ಪತ್ರೆಯ ಗುಮಾಸ್ತ ರಹಮತುನ್ನೀಸಾಳನ್ನು ಕರೆದ. ಅವಳು ಓಡಿ ಬಂದಳು. ಅವಳ ದನಿಯಲ್ಲಿ ನಗುವಿತ್ತು.

"ಸಾರ್! ಅಬ್ಬಾ ಮಾತಾಡಿದ್ರು ಸಾರ್!"

"ಏನಂದ್ರು? ಬೇಗ ಹೇಳಮ್ಮ."

"ನಲ್ಲಪ್ಪನೋರು ಬಂದ್ರಲ್ಲ, ಅಬ್ಬಾನ ಹೊಸ ರೂಮಿಗೆ ಸಾಗಿಸೋಕೆ ಅವರೇ ಭುಜ ಹಿಡಿದು ಎತ್ತಿದ್ರು. ಅಬ್ಬಾ ಅವರ ಕುತ್ತಿಗೆ ಹತ್ರ ಮೂಗು ಇಟ್ಟು ಜೋರಾಗಿ ಉಸಿರು ಎಳ್ಕೊಂಡ್ರು. ಘಾಸ್ ಅಂದ್ರು ಸಾರ್. ಹುಲ್ಲು ಅಂತ. ಮೂರು ಸಲ ಅಂದ್ರು! ನಲ್ಲಪ್ಪನೋರು ಏನು ಹೇಳ್ತಿದ್ದಾರೆ ಅಂತ ಕೇಳಿದ್ರು. ಅತ್ತರಿನ ನೆನಪು ಬಂದಿದೆ, ಇನ್ನು ಎಲ್ಲಾ ನೆನಪಾಗುತ್ತೆ ಅಂದೆ. ಖುಷೀಲಿ ಅಳು ಬಂದುಬಿಡ್ತು ನನಗೆ."

"ಅವನು ಈಗ ಎಲ್ಲಿ?"

"ಅಬ್ಬಾ ಹತ್ರಾನೇ ಇದ್ದಾರೆ. ನಾಲ್ಕು ದಿನದಿಂದ ಊಟ ಮಾಡಿಲ್ಲ ನೀನು, ಹೋಗಿ ಊಟ ಮಾಡ್ಕೊಂಡು ಬಾ ತಾಯಿ, ನಾನು ಕೂತಿರ್ತೀನಿ ಅಂದ್ರು. ತುಂಬಾ ಒಳ್ಳೆಯೋರು ಸಾರ್."

"ರಹಮತುನ್ನೀಸಾ, ಓಡು! ಡಾಕ್ಟರನ್ನ ಕೂಗು, ಸಿಕ್ಕಿದೋರನ್ನೆಲ್ಲ ಕೂಗು. ಬಾಗಿಲು ಒಡೀರಿ. ಅವನನ್ನ ಅಬ್ಬಾ ಹತ್ರ ಬಿಡಬೇಡ!"

ಅವಳು ಯಾಕೆ ಎಂದು ಕೇಳಲಿಲ್ಲ. ರಿಸೀವರು ಮೇಜಿಗೆ ಬಡಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು. ಸ್ವಲ್ಪ ದೂರದಲ್ಲಿ ಅಂಗೈಯಿಂದ ಬಾಗಿಲು ಬಡಿಯುವುದು ಕೇಳಿಸಿತು. "ನಲ್ಲಪ್ಪನೋರೇ! ಬಾಗಿಲು ತೆಗೀರಿ! ಅಬ್ಬಾ! ಅಬ್ಬಾ!"

"ಮೂರು ನಿಮಿಷ ಆಯ್ತು ಸಾರ್, ಮುಂದುವರಿಸ್ಲಾ?" ಅಂದ ಆಪರೇಟರ್.

"ಮುಂದುವರಿಸಯ್ಯಾ!" ಎಂದು ಕಿರುಚಿದೆ.

ಬಾಗಿಲು ಬಡಿಯುತ್ತಲೇ ಇದ್ದರು. ಒಂದು ಕೈಯಲ್ಲ, ಈಗ ನಾಲ್ಕಾರು ಕೈ. ಗಂಡಸರ ದನಿಗಳೂ ಸೇರಿದವು. ಆಮೇಲೆ ಚಿಲಕ ಸರಿದ ಸದ್ದು ಕೇಳಿತು. ಎಲ್ಲರೂ ಒಟ್ಟಿಗೆ ಸುಮ್ಮನಾದರು.

ಯಾರೋ ಭಾರವಾದ ಬೂಟು ಹಾಕಿಕೊಂಡು ನಿಧಾನವಾಗಿ ಫೋನಿನ ಕಡೆ ನಡೆದು ಬಂದರು. ರಿಸೀವರು ಎತ್ತಿದರು.

"ಸಾರ್," ಅಂದ ನಲ್ಲಪ್ಪ. ಏಳು ವರ್ಷದಿಂದ ಕೇಳಿದ ಅದೇ ವಿನಯದ ದನಿ. "ಬೆಳಿಗ್ಗೆ ಕೊಟ್ಟ ನನ್ನ ಕರ್ಚೀಫು ಇನ್ನೂ ನಿಮ್ಮ ಹತ್ರಾನೇ ಇದೆಯಾ?"